ಮಳೆಗಾಲದ ಜ್ವರಕ್ಕೂ ಸೊಂಟದ ಸುತ್ತಳತೆಗೂ ಏನು ಸಂಬಂಧ?

2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಶಿಶುಗಳಿಗೆ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ಸಿನ ಸೋಂಕು ಇರುವುದು ಖಚಿತವಾಯಿತು. ಟಿವಿಯಲ್ಲಿ ಇಡೀ ದಿನ ಅದೇ ಸುದ್ದಿ. ಮರುವಾರ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಬೊಜ್ಜಿಗೆ ಹೊಸ ವ್ಯಾಖ್ಯೆ ಕೊಟ್ಟಿತು. ಅದೇ ತಿಂಗಳು ನಮ್ಮ ದೇಶದ ವೈದ್ಯರು ಭಾರತೀಯರಿಗೆಂದೇ ಬೇರೆ ಅಳತೆ ಪ್ರಕಟಿಸಿದರು. ಫೆಬ್ರುವರಿಯಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದರು. ಮೇ ಹೊತ್ತಿಗೆ ಕೋವಿಡ್ ಮತ್ತೆ ತಲೆ ಎತ್ತಿತು. ಬೇರೆ ಕಾಯಿಲೆ ಇರುವವರು ಹುಷಾರಾಗಿರಿ ಎಂದು ಆರೋಗ್ಯ ಇಲಾಖೆ ಹೇಳಿತು.

ಪತ್ರಿಕೆಗಳಲ್ಲಿ ವೈರಸ್ ಸುದ್ದಿ ಮುಖಪುಟಕ್ಕೆ ಹೋಯಿತು, ಬೊಜ್ಜಿನ ಸುದ್ದಿ ಆರೋಗ್ಯ ಪುರವಣಿಗೆ ಹೋಯಿತು. ಹಾಗಾಗಿ ಎರಡೂ ಬೇರೆ ಬೇರೆ ವಿಷಯ ಎಂದೇ ಹೆಚ್ಚಿನವರು ತಿಳಿದರು. ಬೊಜ್ಜು ಎಂದರೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು. ನೆಗಡಿ, ಕೆಮ್ಮು, ಜ್ವರಕ್ಕೂ ಅದಕ್ಕೂ ಏನು ಸಂಬಂಧ? ಮಲೆನಾಡಿನಲ್ಲಂತೂ ಮೈಕೈ ತುಂಬಿಕೊಂಡಿರುವವರೇ ಗಟ್ಟಿಮುಟ್ಟು ಎನ್ನುವ ಲೆಕ್ಕ ಇನ್ನೂ ಇದೆ. ಬಡಕಲು ಹುಡುಗ ಮಳೆಯಲ್ಲಿ ನೆನೆದರೆ ಬೈಯುತ್ತಾರೆ, ದಪ್ಪಗಿದ್ದವನು ನೆನೆದರೆ 'ಅವನಿಗೇನಾಗುತ್ತೆ' ಎನ್ನುತ್ತಾರೆ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ, ತಪ್ಪಿದರೆ ಶಿವಮೊಗ್ಗ ಜಿಲ್ಲೆಯಂಥ ಕಡೆ ಏನಾಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ತಗಲುವುದು ಬೇರೆ, ಮುಳುಗಿಸುವುದು ಬೇರೆ

ವೈರಸ್ ಎಂದ ಕೂಡಲೇ ಈ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ಕಾಯಿಲೆಯಲ್ಲಿ ಮುಖ್ಯ ಪ್ರಶ್ನೆ ಯಾರಿಗೆ ತಗಲುತ್ತದೆ ಎಂಬುದು. ಕಾಡಿಗೆ ಹೋದವರು ಯಾರು, ದರಗು (ಒಣಗಿದ ಎಲೆ) ತಂದವರು ಯಾರು, ಉಣುಗು ಕಚ್ಚಿದ್ದು ಯಾರಿಗೆ? ಉಣುಗಿನಿಂದ ದೂರ ಇದ್ದರೆ ಹೆಚ್ಚುಕಡಿಮೆ ಬಚಾವ್.

ಉಸಿರಾಟದ ವೈರಸ್ಸುಗಳ ವಿಷಯ ಹಾಗಲ್ಲ. ಫ್ಲೂ, ಕೋವಿಡ್, ಎಚ್‌ಎಂಪಿವಿ ಇವೆಲ್ಲ ಬಸ್ಸು, ಮದುವೆಮನೆ, ಶಾಲೆ ಎಲ್ಲ ಕಡೆ ಸುತ್ತುತ್ತವೆ. ಇವತ್ತಲ್ಲ ನಾಳೆ ಬಹುತೇಕ ಎಲ್ಲರಿಗೂ ತಗಲುತ್ತವೆ. ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಜನ ನಾಲ್ಕು ದಿನ ಮಲಗಿ ಏಳುತ್ತಾರೆ. ಉಳಿದ ಕೆಲವರಿಗೆ ನ್ಯುಮೋನಿಯಾ ಆಗುತ್ತದೆ, ಆಮ್ಲಜನಕ ಬೇಕಾಗುತ್ತದೆ. ಆ ಕೆಲವರು ಯಾರು ಎಂಬುದೇ ಇಲ್ಲಿನ ಪ್ರಶ್ನೆ.

2009ರ ತನಕ ಇದಕ್ಕೆ ಸಿದ್ಧ ಉತ್ತರ ಇತ್ತು: ವಯಸ್ಸಾದವರು, ಪುಟ್ಟ ಮಕ್ಕಳು, ಗರ್ಭಿಣಿಯರು, ಹೃದಯ ಮತ್ತು ಶ್ವಾಸಕೋಶದ ರೋಗಿಗಳು. ಆ ವರ್ಷ ಎಚ್1ಎನ್1 ಎಂಬ ಹೊಸ ಫ್ಲೂ (ಹಂದಿಜ್ವರ) ಬಂತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆ ಸೇರಿದ ಅಥವಾ ಸತ್ತ ಸಾವಿರಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದಾಗ ವೈದ್ಯರಿಗೆ ವಿಚಿತ್ರ ಕಂಡಿತು. ತೂಕ ಮತ್ತು ಎತ್ತರ ಬರೆದಿದ್ದ ವಯಸ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬೊಜ್ಜಿತ್ತು. ಅವರಲ್ಲೂ ಸುಮಾರು ಮೂರನೇ ಒಂದು ಭಾಗದವರಿಗೆ ಹಳೆಯ ಅಪಾಯದ ಪಟ್ಟಿಯಲ್ಲಿದ್ದ ಯಾವ ಕಾಯಿಲೆಯೂ ಇರಲಿಲ್ಲ. ಬೊಜ್ಜು ತಾನೇ ಒಂದು ಅಪಾಯ ಇರಬಹುದು ಎಂಬ ಮಾತು ಗಟ್ಟಿಯಾಗಿ ಕೇಳಿದ್ದು ಆಗಲೇ. ಹನ್ನೊಂದು ವರ್ಷದ ಮೇಲೆ ಕೋವಿಡ್ ಬಂದಾಗ ಅದೇ ಮಾತು ಮತ್ತೆ ಬಂತು. ಈ ಸಲ ಲಕ್ಷಾಂತರ ಜನರ ದಾಖಲೆಯೊಂದಿಗೆ.

ತಿದಿಯ ಕೆಳಗಿನ ಕಲ್ಲು

ಮೊದಲ ಕಾರಣ ತೀರಾ ಸರಳ. ಅದಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ.

ನಾವು ಉಸಿರು ಎಳೆದುಕೊಳ್ಳುವಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ. ಅದು ಇಳಿದಷ್ಟು ಶ್ವಾಸಕೋಶ ಅರಳುತ್ತದೆ. ಕುಲುಮೆಯ ತಿದಿಯ ಹಾಗೆ. ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ ವಪೆಗೆ ಇಳಿಯಲು ಜಾಗ ಇಲ್ಲ. ತಿದಿಯ ಕೆಳಗೆ ಕಲ್ಲಿಟ್ಟು ಊದು ಎಂದ ಹಾಗಾಗುತ್ತದೆ. ಜೊತೆಗೆ ಎದೆಗೂಡಿನ ಮೇಲಿನ ಭಾರವನ್ನೂ ಪ್ರತಿ ಉಸಿರಿಗೆ ಎತ್ತಬೇಕು.

ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಎರಡೂವರೆ ಲೀಟರ್ ಗಾಳಿ ಒಳಗೇ ಉಳಿದಿರುತ್ತದೆ. ಇದೇ ನಮ್ಮ ಉಳಿತಾಯ ಖಾತೆ. ಬೊಜ್ಜು ಹೆಚ್ಚಾದಷ್ಟು ಈ ಉಳಿತಾಯ ಕರಗುತ್ತದೆ. ಶ್ವಾಸಕೋಶದ ಕೆಳಭಾಗದ ಪುಟ್ಟ ಗಾಳಿಚೀಲಗಳು ಅರ್ಧ ಮುಚ್ಚಿಕೊಂಡೇ ಇರುತ್ತವೆ. ಅಂಗಾತ ಮಲಗಿದರೆ ಇನ್ನೂ ಹೆಚ್ಚು ಮುಚ್ಚುತ್ತವೆ.

ಅರಿವಳಿಕೆ ಕೊಡುವ ವೈದ್ಯರಿಗೆ ಇದು ಹಳೆಯ ವಿಷಯ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ಶುದ್ಧ ಆಮ್ಲಜನಕ ಕೊಟ್ಟು, ಆಮೇಲೆ ಉಸಿರಾಟ ನಿಂತರೆ, ಸಾಮಾನ್ಯ ತೂಕದವರ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಲು ಆರು ನಿಮಿಷದಷ್ಟು ಬೇಕು. ವಿಪರೀತ ಬೊಜ್ಜು ಇರುವವರಲ್ಲಿ ಅಷ್ಟಕ್ಕೆ ಮೂರೇ ನಿಮಿಷ ಸಾಕು. ವೈರಸ್ ಇನ್ನೂ ಬಂದೇ ಇಲ್ಲ, ಆಗಲೇ ಅರ್ಧ ಸಮಯ ಹೋಗಿದೆ.

ಈಗ ಇದರ ಮೇಲೆ ನ್ಯುಮೋನಿಯಾ ಬಂತು ಎಂದುಕೊಳ್ಳಿ. ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ತೆಳ್ಳಗಿರುವವರಲ್ಲಿ ಒಂದು ಭಾಗ ಕೆಟ್ಟರೆ ಇನ್ನೊಂದು ಭಾಗ ಸ್ವಲ್ಪ ದಿನ ಸುಧಾರಿಸಿಕೊಂಡು ಹೋಗುತ್ತದೆ. ಬೊಜ್ಜಿನವರಲ್ಲಿ ಆ ಇನ್ನೊಂದು ಭಾಗವೇ ಮೊದಲಿನಿಂದ ಅರ್ಧ ಬಾಗಿಲು ಹಾಕಿಕೊಂಡು ಕೂತಿದೆ. ಕೋವಿಡ್ ಸಮಯದಲ್ಲಿ ರೋಗಿಗಳನ್ನು ಬೋರಲು ಮಲಗಿಸುತ್ತಿದ್ದುದು ನೆನಪಿದೆ ಅಲ್ವಾ? ಮುಚ್ಚಿಕೊಂಡ ಬೆನ್ನಿನ ಕಡೆಯ ಭಾಗ ತೆರೆದುಕೊಳ್ಳಲಿ ಎಂದೇ ಹಾಗೆ ಮಾಡುತ್ತಿದ್ದರು. ವೆಂಟಿಲೇಟರ್ ಹಾಕಿದ ನೂರು ಕಿಲೊ ತೂಕದ ರೋಗಿಯನ್ನು ಕೊಳವೆಗಳ ಸಮೇತ ಬೋರಲು ಮಾಡಲು ನಾಲ್ಕೈದು ಜನ ತರಬೇತಾದವರು ಬೇಕು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು?

ಬಚ್ಚಲ ಒಲೆಯ ಹೊಗೆ

ಎರಡನೆಯ ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕೊಬ್ಬು ಎಂದರೆ ಡಬ್ಬಿಯಲ್ಲಿಟ್ಟ ತುಪ್ಪದ ಹಾಗೆ ಸುಮ್ನೆ ಕೂತಿರುವ ವಸ್ತು ಎಂದು ಬಹಳ ಕಾಲ ತಿಳಿದಿದ್ದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಕಂಡುಹಿಡಿದ ಮೇಲೆ ಆ ನಂಬಿಕೆ ಹೋಯಿತು. ಲೆಪ್ಟಿನ್ ಒಂದು ಹಾರ್ಮೋನು. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ಹೇಳುವುದು ಅದರ ಕೆಲಸ ಎಂದು ಮೊದಲು ಗೊತ್ತಾಯಿತು. ಆಮೇಲೆ ನೋಡಿದರೆ ರೋಗನಿರೋಧಕ ಕೋಶಗಳೂ ಅದರ ಮಾತು ಕೇಳುತ್ತವೆ.

ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಅವುಗಳಿಗೆ ರಕ್ತ ಸಾಲದೆ ಕೆಲವು ಸಾಯುತ್ತವೆ. ಸತ್ತ ಕೋಶಗಳನ್ನು ತಿನ್ನಲು ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಬಂದವು ವಾಪಸ್ ಹೋಗುವುದಿಲ್ಲ. ಅಲ್ಲೇ ಕೂತು ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಿರುತ್ತವೆ. ಐಎಲ್-6 ಎಂಬುದು ಅವುಗಳಲ್ಲಿ ಒಂದು. ಕೋವಿಡ್ ವರದಿಗಳಲ್ಲಿ ಈ ಹೆಸರನ್ನು ಎಷ್ಟೋ ಮನೆಯವರು ನೋಡಿರಬಹುದು. ಜ್ವರ ಇಲ್ಲ, ನೋವಿಲ್ಲ, ಆದರೂ ಮೈಯೊಳಗೆ ಸಣ್ಣ ಉರಿ ವರ್ಷಾನುಗಟ್ಟಲೆ ಇದ್ದೇ ಇರುತ್ತದೆ.

ಉರಿ ಇದ್ದರೆ ಒಳ್ಳೆಯದೇ ಅಲ್ವಾ, ವೈರಸ್ ಬಂದರೆ ಸುಟ್ಟುಹಾಕಲಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಮಲೆನಾಡಿನ ಮನೆಯನ್ನೇ ನೋಡಿ. ಮಳೆಗಾಲದಲ್ಲಿ ಬಚ್ಚಲ ಒಲೆ ಆರುವುದೇ ಇಲ್ಲ. ಹಸಿ ಕಟ್ಟಿಗೆ, ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯುತ್ತಲೇ ಇರುತ್ತದೆ. ಮನೆಯೆಲ್ಲ ಹೊಗೆ ವಾಸನೆ. ಅಂಥ ಮನೆಯಲ್ಲಿ ಅಟ್ಟಕ್ಕೆ ನಿಜವಾಗಿ ಬೆಂಕಿ ಬಿದ್ದರೆ ಹೊಗೆ ಬಂತು ಎಂದು ಯಾರೂ ಎದ್ದು ಓಡುವುದಿಲ್ಲ. ಗೊತ್ತಾಗುವಷ್ಟರಲ್ಲಿ ಸೂರು ಹತ್ತಿಕೊಂಡಿರುತ್ತದೆ.

ದೇಹದಲ್ಲೂ ಹೀಗೇ ಆಗುತ್ತದೆ. ವೈರಸ್ ಹೊಕ್ಕ ಕೋಶ ಮೊದಲು ಮಾಡುವ ಕೆಲಸ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಡುವುದು. ಅಕ್ಕಪಕ್ಕದ ಕೋಶಗಳು ಬಾಗಿಲು ಹಾಕಿಕೊಳ್ಳಲಿ ಎಂಬ ಕೂಗು ಅದು. ಸದಾ ಉರಿಯೂತ ಇರುವ ಮೈಯಲ್ಲಿ ಈ ಕೂಗು ತಡವಾಗುತ್ತದೆ, ದನಿಯೂ ಸಣ್ಣದು. ಮೊದಲ ಎರಡು ಮೂರು ದಿನ ವೈರಸ್ಸಿಗೆ ಅಡ್ಡಿಯಿಲ್ಲ. ಆಮೇಲೆ ಪಡೆ ಎಚ್ಚೆತ್ತಾಗ ಎದುರಿಗಿರುವ ವೈರಸ್ ರಾಶಿ ದೊಡ್ಡದಾಗಿರುತ್ತದೆ. ಹಾಗಾಗಿ ದಾಳಿಯೂ ಅತಿಯಾಗುತ್ತದೆ. ಶ್ವಾಸಕೋಶದ ಒಳಪದರ ಈ ಜಗಳದಲ್ಲಿ ಹಾಳಾಗುತ್ತದೆ. ಮೊದಲು ತಡ, ಆಮೇಲೆ ಅತಿ. ಬೊಜ್ಜಿನವರಲ್ಲಿ ಸೋಂಕು ಕೆರಳುವ ಬಗೆ ಇದು.

ಇದಕ್ಕೆ ಪುರಾವೆ ಬೇರೆ ಬೇರೆ ಕಡೆಯಿಂದ ಸಿಕ್ಕಿದೆ. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಮನೆಮನೆಯ ಫ್ಲೂ ರೋಗಿಗಳನ್ನು ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಲಕ್ಷಣ ಇದ್ದ ವಯಸ್ಕರಲ್ಲಿ ಬೊಜ್ಜಿನವರು ಇನ್‌ಫ್ಲುಯೆಂಜಾ ಎ ವೈರಸ್ಸನ್ನು ಉಳಿದವರಿಗಿಂತ ಶೇ 42ರಷ್ಟು ಹೆಚ್ಚು ಕಾಲ ಹೊರಹಾಕುತ್ತಿದ್ದರು. ಅಂದರೆ ವೈರಸ್ ಅವರ ಮೈಯಲ್ಲಿ ಜಾಸ್ತಿ ದಿನ ಉಳಿಯುತ್ತದೆ. ಮನೆಯ ಉಳಿದವರಿಗೆ ಹರಡಲೂ ಜಾಸ್ತಿ ದಿನ ಸಿಗುತ್ತದೆ. ಕೋವಿಡ್ ವೈರಸ್ಸಂತೂ ಕೊಬ್ಬಿನ ಕೋಶಗಳನ್ನೇ ಹೊಕ್ಕು ಅಲ್ಲಿ ಉರಿಯೂತ ಎಬ್ಬಿಸಬಲ್ಲದು ಎಂದು ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 2022ರಲ್ಲಿ ತೋರಿಸಿದರು. ಕೊಬ್ಬು ಜಾಸ್ತಿ ಇದ್ದವರಲ್ಲಿ ವೈರಸ್ಸಿಗೆ ಉಳಿದುಕೊಳ್ಳಲು ಕೋಣೆಯೂ ಜಾಸ್ತಿ.

ರಕ್ತ ಮತ್ತು ಸಕ್ಕರೆ

ಬೊಜ್ಜಿನ ಕೋಶಗಳು ಪಿಎಐ-1 ಎಂಬ ವಸ್ತುವನ್ನೂ ಬಿಡುತ್ತವೆ. ಹೆಪ್ಪುಗಟ್ಟಿದ ರಕ್ತ ಕರಗದಂತೆ ಅದು ತಡೆಯುತ್ತದೆ. ತೀವ್ರ ಸೋಂಕಿನಲ್ಲಿ ರಕ್ತ ಹೇಗೂ ಹೆಪ್ಪುಗಟ್ಟುವ ಕಡೆ ವಾಲುತ್ತದೆ, ಹಾಸಿಗೆ ಹಿಡಿದವರ ಕಾಲಲ್ಲಿ ಇನ್ನೂ ಜಾಸ್ತಿ. ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಚೇತರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡ ರೋಗಿ ದಿಢೀರನೆ ಹೋಗಿಬಿಡಬಹುದು.

ಇನ್ನು ಸಕ್ಕರೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಹೆಸರಿನ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಆದರೆ ಸ್ಟೆರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಬೊಜ್ಜಿನವರಲ್ಲಿ ಇನ್ಸುಲಿನ್ ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಎಷ್ಟೋ ಜನಕ್ಕೆ ತಮಗೆ ಸಕ್ಕರೆ ಕಾಯಿಲೆ ಇರುವುದೇ ಗೊತ್ತಿರುವುದಿಲ್ಲ. ಐಸಿಎಂಆರ್ ಬೆಂಬಲದ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದು ಹತೋಟಿಯಿಲ್ಲದ ಸಕ್ಕರೆ ಮತ್ತು ಲೆಕ್ಕವಿಲ್ಲದ ಸ್ಟೆರಾಯ್ಡ್ ಸೇರಿದ ಕಡೆ. ಜೀವ ಉಳಿಸುವ ಮದ್ದೇ ಬೇರೆ ಬಾಗಿಲು ತೆಗೆದುಬಿಟ್ಟಿತು.

ತಪ್ಪು ಬೊಜ್ಜಿನದೋ, ಜೊತೆಗಾರರದೋ?

ಇಲ್ಲಿ ವೈದ್ಯರಲ್ಲೇ ವಾದ ಇದೆ. ಒಂದು ಗುಂಪು ಹೇಳುವುದು ಹೀಗೆ: ಬೊಜ್ಜಿನವರಿಗೆ ಬಿಪಿ, ಸಕ್ಕರೆ, ಗೊರಕೆಯ ತೊಂದರೆ ಎಲ್ಲ ಇರುತ್ತದೆ. ಸೋಂಕು ಬಿಗಡಾಯಿಸುವುದು ಅವುಗಳಿಂದ, ಸುಮ್ನೆ ತೂಕದ ಮೇಲೆ ಗೂಬೆ ಕೂರಿಸಬೇಡಿ.

ಈ ವಾದವನ್ನು ಪರೀಕ್ಷಿಸಲು ದೊಡ್ಡ ಸಂಖ್ಯೆ ಬೇಕು. ಇಂಗ್ಲೆಂಡಿನಲ್ಲಿ ಸುಮಾರು 69 ಲಕ್ಷ ಜನರ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2021ರಲ್ಲಿ ಬಂತು. ಇತರ ಕಾಯಿಲೆಗಳ ಪಾಲನ್ನು ಕಳೆದ ಮೇಲೂ ತೂಕದ ಪಾಲು ಉಳಿಯಿತು. ಬಿಎಂಐ (ಕಿಲೊ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕ) 23 ದಾಟಿದ ಮೇಲೆ ಒಂದೊಂದು ಅಂಕಕ್ಕೂ ಕೋವಿಡ್‌ನಿಂದ ಆಸ್ಪತ್ರೆ ಸೇರುವ ಅಪಾಯ ಸುಮಾರು ಶೇ 5ರಷ್ಟು, ಐಸಿಯು ಸೇರುವ ಅಪಾಯ ಸುಮಾರು ಶೇ 10ರಷ್ಟು ಏರುತ್ತಾ ಹೋಗುತ್ತದೆ. ತೂಕದ ಪ್ರಭಾವ ಹೆಚ್ಚು ಎದ್ದು ಕಂಡಿದ್ದು 20ರಿಂದ 39 ವರ್ಷದವರಲ್ಲಿ. ಮುದುಕರಲ್ಲಿ ವಯಸ್ಸೇ ದೊಡ್ಡ ಅಪಾಯ, ಅದರ ಮುಂದೆ ತೂಕ ಚಿಕ್ಕದಾಗಿ ಕಾಣುತ್ತದೆ. ಯುವಕರಲ್ಲಿ ಹಾಗಲ್ಲ. 'ಇನ್ನೂ ಮೂವತ್ತೈದು ಆಗಿರಲಿಲ್ಲ, ಯಾವ ಕಾಯಿಲೆಯೂ ಇರಲಿಲ್ಲ' ಎಂದು ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿದ ಮಾತಿಗೆ ಒಂದು ಭಾಗದ ಉತ್ತರ ಇಲ್ಲಿದೆ.

ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ಬಿಎಂಐ 20ಕ್ಕಿಂತ ಕೆಳಗಿದ್ದವರಲ್ಲೂ ಆಸ್ಪತ್ರೆ ಸೇರುವ ಅಪಾಯ ಸ್ವಲ್ಪ ಜಾಸ್ತಿಯೇ. ಆದ್ದರಿಂದ ಬಡಕಲಾಗಿದ್ದರೆ ಕ್ಷೇಮ ಎಂದೂ ಇಲ್ಲ.

ಕಾರಣ-ಪರಿಣಾಮದ ಬಗ್ಗೆ ಇನ್ನೂ ಅನುಮಾನ ಇದ್ದವರು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಅಧ್ಯಯನ ನೋಡಬಹುದು. ಕೋವಿಡ್‌ಗೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿ ತೂಕ ಇಳಿಸಿಕೊಂಡಿದ್ದವರನ್ನು, ಇಳಿಸಿಕೊಳ್ಳದ ಅವರಂಥವರೊಂದಿಗೆ ಅಲ್ಲಿ ಹೋಲಿಸಿದರು. ಸೋಂಕು ತಗಲುವುದರಲ್ಲಿ ವ್ಯತ್ಯಾಸ ಇರಲಿಲ್ಲ. ಆಸ್ಪತ್ರೆ ಸೇರುವ ಅಪಾಯ ಮಾತ್ರ ತೂಕ ಇಳಿಸಿದವರಲ್ಲಿ ಶೇ 49ರಷ್ಟು ಕಡಿಮೆ, ಆಮ್ಲಜನಕ ಬೇಕಾಗುವ ಅಪಾಯ ಶೇ 63ರಷ್ಟು ಕಡಿಮೆ. ವೈರಸ್ ಇಬ್ಬರ ಮನೆಗೂ ಬಂತು, ಒಬ್ಬರ ಮನೆ ಮಾತ್ರ ಬಿತ್ತು.

ಐಸಿಯುನಲ್ಲಿ ದಪ್ಪಗಿದ್ದವರೇ ಬದುಕುತ್ತಾರಂತೆ?

ಓದುಗರನ್ನು ಪೂರ್ತಿ ಗೊಂದಲಕ್ಕೆ ತಳ್ಳುವ ಸುದ್ದಿ ಇದು. ಶ್ವಾಸಕೋಶ ಸೋತು ಐಸಿಯು ಸೇರಿದವರಲ್ಲಿ ಬೊಜ್ಜಿನವರು ಸಾಯುವ ಪ್ರಮಾಣ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಇದನ್ನು 'ಬೊಜ್ಜಿನ ವಿರೋಧಾಭಾಸ' ಎನ್ನುತ್ತಾರೆ. ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ಇದು 'ದಪ್ಪ ಇದ್ದರೆ ಒಳ್ಳೆಯದು' ಎಂದಾಗಿರುತ್ತದೆ.

ಅಧ್ಯಯನ ಸುಳ್ಳಲ್ಲ. ಎಣಿಕೆ ಎಲ್ಲಿಂದ ಶುರುವಾಯಿತು ಎಂದು ನೋಡಬೇಕು. ಅವರು ಎಣಿಸಿದ್ದು ಐಸಿಯು ಬಾಗಿಲು ದಾಟಿದ ಮೇಲಿನವರನ್ನು. ತೆಳ್ಳಗಿರುವವರು ಐಸಿಯು ತನಕ ಬಂದರೆ ಅವರಿಗೆ ಕ್ಯಾನ್ಸರೋ, ಕ್ಷಯವೋ, ತೀರಾ ವಯಸ್ಸೋ ಇರುವ ಸಂಭವ ಜಾಸ್ತಿ. ಬೊಜ್ಜಿನವರು ಹಾಗಲ್ಲ, ಕಡಿಮೆ ವಯಸ್ಸಿನಲ್ಲೇ, ಶ್ವಾಸಕೋಶ ಅಷ್ಟು ಕೆಡುವ ಮೊದಲೇ ಆಮ್ಲಜನಕ ಬೇಕಾಗಿ ಬಂದುಬಿಡುತ್ತಾರೆ. ವಾರಗಟ್ಟಲೆ ಹಾಸಿಗೆ ಹಿಡಿದಾಗ ಮೈಯಲ್ಲಿನ ಕೊಬ್ಬು ಒಂದಿಷ್ಟು ಆಸರೆಯೂ ಆಗಬಹುದು. ಆದರೆ ಎಣಿಕೆಯನ್ನು ಸೋಂಕು ತಗುಲಿದ ದಿನದಿಂದ ಶುರು ಮಾಡಿದರೆ ಚಿತ್ರ ಬದಲಾಗುತ್ತದೆ. ಕೋವಿಡ್‌ನ ಮೊದಲ ತಿಂಗಳುಗಳ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಬೊಜ್ಜಿನವರು ಆಸ್ಪತ್ರೆ ಸೇರುವ ಸಂಭವ ಎರಡು ಪಟ್ಟಿಗಿಂತ ಜಾಸ್ತಿ, ಐಸಿಯು ಸೇರುವುದು ಶೇ 74ರಷ್ಟು ಜಾಸ್ತಿ, ಸಾಯುವುದು ಶೇ 48ರಷ್ಟು ಜಾಸ್ತಿ ಇತ್ತು. ಬಾಗಿಲಿಗೆ ಬರುವವರೇ ಅಷ್ಟು ಜನ ಇದ್ದಾಗ ಒಳಗೆ ಹೋದ ಮೇಲಿನ ಚಿಕ್ಕ ಲಾಭ ಲೆಕ್ಕಕ್ಕೆ ಸಿಗುವುದಿಲ್ಲ.

ತೆಳ್ಳಗೆ ಕಾಣುವ ದಪ್ಪ

'ನಮ್ಮಲ್ಲಿ ಅಮೆರಿಕದವರ ಹಾಗೆ ದಪ್ಪ ಯಾರಿದ್ದಾರೆ?' ಇದು ಮುಂದಿನ ಆಕ್ಷೇಪ. ನೋಡಲು ನಿಜವೇ ಅನ್ನಿಸುತ್ತದೆ.

2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಇಬ್ಬರೂ ತೆಳ್ಳಗೇ ಕಾಣುತ್ತಿದ್ದರು. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ನಮ್ಮವರಲ್ಲಿ ಕೈಕಾಲು ಸಣ್ಣ, ಸ್ನಾಯು ಕಡಿಮೆ, ಕೊಬ್ಬೆಲ್ಲ ಹೊಟ್ಟೆಯೊಳಗೆ. ವಪೆಯನ್ನು ಒತ್ತುವುದೂ, ಉರಿಯೂತ ಎಬ್ಬಿಸುವುದೂ ಈ ಹೊಟ್ಟೆಯ ಕೊಬ್ಬೇ.

ಅದಕ್ಕೇ ಅಳತೆಗೋಲು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ಬಿಎಂಐ 30 ದಾಟಿದರೆ ಬೊಜ್ಜು. ಐದು ಅಡಿ ಐದು ಇಂಚಿನವರಿಗೆ ಅದು 82 ಕಿಲೊ. ಭಾರತದ ವೈದ್ಯರು 2009ರಿಂದ ಬಳಸುತ್ತಿದ್ದ ಲೆಕ್ಕದಲ್ಲಿ 25ಕ್ಕೇ ಬೊಜ್ಜು, ಅಂದರೆ ಅದೇ ಎತ್ತರಕ್ಕೆ 68 ಕಿಲೊ. ಎಚ್ಚರಿಕೆ ಶುರುವಾಗುವುದು 23ರಿಂದ, ಸುಮಾರು 63 ಕಿಲೊ. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಬಿಎಂಐ ಒಂದನ್ನೇ ನಂಬಬೇಡಿ, ಸೊಂಟವನ್ನೂ ಅಳೆಯಿರಿ ಎಂಬುದೇ 2025ರ ಹೊಸ ವ್ಯಾಖ್ಯೆಗಳ ಸಾರ. ಇಂಡಿಯಾಬ್ ಅಧ್ಯಯನದಲ್ಲಿ ಹೊಟ್ಟೆಯ ಬೊಜ್ಜು ಕಂಡಿದ್ದು ದೇಶದ ಶೇ 39.5 ವಯಸ್ಕರಲ್ಲಿ. ಕರ್ನಾಟಕದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೆಂಗಸರಲ್ಲೂ ಗಂಡಸರಲ್ಲೂ ಶೇ 30ರಷ್ಟು ಜನರ ಬಿಎಂಐ 25 ದಾಟಿದೆ.

ಗುಡ್ಡ ಹತ್ತಿ ಇಳಿಯುವವರಿಗೆ ಬೊಜ್ಜು ಎಲ್ಲಿಂದ ಎಂಬ ಮಾತೂ ಹಳತಾಯಿತು. ತೋಟಕ್ಕೆ ಬೈಕ್ ಹೋಗುತ್ತದೆ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವರು ಕಡಿಮೆ, ನೆಲದಲ್ಲೇ ನಿಂತು ಉದ್ದದ ದೋಟಿ ಹಿಡಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆಗೆ ಮನೆಯೊಳಗೇ ಕೂರುವುದು, ಕರಿದ ತಿಂಡಿ, ಎರಡು ಸಲ ಹೆಚ್ಚಿಗೆ ಕಾಫಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಬದುಕು ಸುಲಭವಾಗಲಿ ಎಂದೇ ಅಲ್ವಾ ಇದೆಲ್ಲ ಬಂದಿದ್ದು.

ಪಟ್ಟಿಯಲ್ಲಿ ಇಲ್ಲದವರು

ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರಿ ಕಾಗದಗಳಲ್ಲಿ ಬೊಜ್ಜು ಒಮ್ಮೆ ಕಾಣಿಸಿಕೊಂಡು ಒಮ್ಮೆ ಮಾಯವಾಗುತ್ತದೆ. 2021ರ ಮಾರ್ಚ್ 1ರಿಂದ 45 ದಾಟಿದವರಲ್ಲಿ ಗಂಭೀರ ಕಾಯಿಲೆ ಇರುವವರಿಗೆ ಕೋವಿಡ್ ಲಸಿಕೆ ಶುರುವಾಯಿತು. ಅದಕ್ಕಾಗಿ ಕೇಂದ್ರ ಕೊಟ್ಟ ಪಟ್ಟಿಯಲ್ಲಿ 20 ಕಾಯಿಲೆಗಳಿದ್ದವು. ಬೊಜ್ಜು ಇರಲಿಲ್ಲ. ಅದೇ ವರ್ಷ ಏಮ್ಸ್ ಮತ್ತು ಐಸಿಎಂಆರ್ ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿಯ ಅಪಾಯದ ಪಟ್ಟಿಯಲ್ಲಿ ಬೊಜ್ಜು ಇತ್ತು. ಅಂದರೆ ದಪ್ಪಗಿರುವ 46ರ ವ್ಯಕ್ತಿ ಲಸಿಕೆ ಕೇಂದ್ರದಲ್ಲಿ ಮಾಮೂಲಿ ಮನುಷ್ಯ, ಆಸ್ಪತ್ರೆಗೆ ಬಂದು ಮಲಗಿದ ಮೇಲೆ ಅಪಾಯದ ರೋಗಿ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಕೊಟ್ಟಿದ್ದರಿಂದ ಆ ತಕರಾರು ಮುಗಿಯಿತು. ಆದರೆ ಅಭ್ಯಾಸ ಉಳಿದಿದೆ. ಮಳೆಗಾಲದ ಜ್ವರಕ್ಕೆ ಹೋದರೆ ಬಿಪಿ, ಶುಗರ್ ಕೇಳುತ್ತಾರೆ. ಸೊಂಟಕ್ಕೆ ಟೇಪು ಹಿಡಿಯುವವರು ಅಪರೂಪ.

ಕೇಳದಿರುವುದಕ್ಕೆ ಒಂದು ಮರ್ಯಾದೆಯ ಕಾರಣವೂ ಇದೆ. ದಪ್ಪ ಎಂದರೆ ಜನಕ್ಕೆ ಬೇಜಾರು. ಪ್ರತಿ ಸಲ ಡಾಕ್ಟರು ತೂಕದ ಬಗ್ಗೆಯೇ ಬೈದರೆ ಮುಂದಿನ ಸಲ ರೋಗಿ ಬರುವುದೇ ಇಲ್ಲ, ಬಂದರೂ ತಡವಾಗಿ ಬರುತ್ತಾರೆ. ಬೊಜ್ಜನ್ನು ಸೋಮಾರಿತನ ಎಂದು ನೋಡುವ ಕಣ್ಣು ಹೀಗೆ ಸಾವಿಗೂ ಸಹಾಯ ಮಾಡುತ್ತದೆ. ಅಪಾಯವನ್ನು ಹೇಳಬೇಕು, ಬೈಯಬಾರದು.

ದೂರದ ಲೆಕ್ಕ

ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಮಲೆನಾಡಿಗೆ ತಂದರೆ ಒಂದೇ ಮಾತಾಗುತ್ತದೆ: ಸಮಯ. ಬೊಜ್ಜು ಕಸಿದುಕೊಳ್ಳುವುದು ಸಮಯವನ್ನು. ಮಲೆನಾಡಿನಲ್ಲಿ ಮೊದಲೇ ಕಮ್ಮಿ ಇರುವುದೂ ಅದೇ.

ಆಗುಂಬೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ನೂರು ಕಿಲೊಮೀಟರ್ ಹತ್ತಿರ. ಘಟ್ಟ ಇಳಿದರೆ ಮಣಿಪಾಲ ಹತ್ತಿರವೇ, ಆದರೆ ಹದಿನಾಲ್ಕು ತಿರುವಿನ ಆ ದಾರಿಯಲ್ಲಿ ಆಷಾಢದ ರಾತ್ರಿ ಮರ ಬೀಳುವುದಿಲ್ಲ ಎಂದು ಯಾರು ಹೇಳಬೇಕು? ಶರಾವತಿ ಹಿನ್ನೀರಿನ ಆಚೆಯ ತುಮರಿ, ಬ್ಯಾಕೋಡಿನವರಿಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು, ಕತ್ತಲಾದ ಮೇಲೆ ಅದೂ ಇಲ್ಲ. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಆ ಹಳ್ಳಿಗಳಿಗೆ ಎಷ್ಟೋ ಗಂಟೆಗಳು ಸಿಕ್ಕಿವೆ. ಒಂಟಿ ಮನೆಗಳ ಉಳಿದ ಹೋಬಳಿಗಳಿಗೆ ಅಂಥ ಸೇತುವೆ ಸಿಕ್ಕಿಲ್ಲ.

ಫ್ಲೂ ಬರುವುದೂ ಇದೇ ಸಮಯಕ್ಕೆ. ನಮ್ಮ ಕಡೆ ಅದರ ಒಂದು ಏರು ಜುಲೈನಿಂದ ಸೆಪ್ಟೆಂಬರ್ ನಡುವೆ. ಶೀತ ಆಯಿತು ಎಂದು ಎರಡು ದಿನ ಕಷಾಯ, ಇನ್ನೆರಡು ದಿನ ಮೆಡಿಕಲ್ ಶಾಪಿನ ಮಾತ್ರೆ, ಮಳೆ ಕಡಿಮೆಯಾಗಲಿ ಎಂದು ಇನ್ನೊಂದು ದಿನ. ಉಸಿರಿನ ಉಳಿತಾಯ ಚೆನ್ನಾಗಿರುವವರಿಗೆ ಈ ಐದು ದಿನ ನಡೆಯುತ್ತದೆ. ಬೊಜ್ಜಿನವರಿಗೆ ನಡೆಯದಿರಬಹುದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯೂ ಲಕ್ಷಣ ಶುರುವಾದ ಎರಡು ದಿನದೊಳಗೆ ಕೊಟ್ಟರೇ ಹೆಚ್ಚು ಕೆಲಸ ಮಾಡುವುದು.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಇರಬೇಕು. ಸೆಲ್ ಬದಲಿಸಿದರೆ ಸಾಕು. 94ಕ್ಕಿಂತ ಕೆಳಗೆ ತೋರಿಸಿದರೆ ಕಾಯಬಾರದು. ಕೂತಾಗ ಸರಿಯಾಗಿದ್ದು, ಆರು ನಿಮಿಷ ಜಗುಲಿಯಲ್ಲಿ ನಡೆದ ಮೇಲೆ ಮೂರು ನಾಲ್ಕು ಅಂಕ ಇಳಿದರೂ ಕಾಯಬಾರದು. ಇದು 2021ರಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದ ಪಾಠವೇ. ಉಸಿರಾಟ ಕಷ್ಟ ಎನ್ನಿಸಿದರೆ ಅಂಕ ಎಷ್ಟೇ ತೋರಿಸಲಿ, ಹೊರಡುವುದೇ ಸರಿ.

ಲಸಿಕೆ, ಇಂಜೆಕ್ಷನ್, ಒಂದು ಹಳೆಯ ಫಾರಂ

ಬೊಜ್ಜಿನವರಿಗೆ ಫ್ಲೂ ಲಸಿಕೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಎಂಬ ಮಾತಿದೆ. ಅದರಲ್ಲಿ ಸತ್ಯ ಇದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ನೋಡಿದಂತೆ ಲಸಿಕೆ ಹಾಕಿಸಿಕೊಂಡ ಬೊಜ್ಜಿನವರಲ್ಲೂ ಪ್ರತಿಕಾಯ ಮೊದಲು ಚೆನ್ನಾಗಿಯೇ ಏರುತ್ತದೆ, ಆದರೆ ವರ್ಷದೊಳಗೆ ಬೇಗ ಇಳಿಯುತ್ತದೆ. ಲಸಿಕೆ ಹಾಕಿಸಿಕೊಂಡವರನ್ನೇ ಹೋಲಿಸಿದರೆ ಫ್ಲೂ ಅಥವಾ ಅದರಂಥ ಜ್ವರ ಬೊಜ್ಜಿನವರಿಗೆ ಎರಡು ಪಟ್ಟು ಕಂಡಿತು. ಇದನ್ನು ಕೇಳಿ ಲಸಿಕೆ ದಂಡ ಎಂದುಕೊಳ್ಳುವುದು ತಪ್ಪು ಲೆಕ್ಕ. ಬೇಗ ಇಳಿಯುತ್ತದೆ ಎಂದಾದರೆ ಪ್ರತಿ ವರ್ಷ, ಅದೂ ಮಳೆ ಹಿಡಿಯುವ ಮೊದಲು ಏಪ್ರಿಲ್, ಮೇನಲ್ಲಿ ಹಾಕಿಸಿಕೊಳ್ಳಲು ಅವರಿಗೇ ಹೆಚ್ಚು ಕಾರಣ ಇದೆ.

ತೂಕ ಇಳಿಸುವ ಇಂಜೆಕ್ಷನ್‌ಗಳೂ 2025ರಲ್ಲಿ ಭಾರತಕ್ಕೆ ಬಂದವು, ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ. ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ಮದ್ದನ್ನು ಹೃದ್ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದಾಗಲೇ ಕೋವಿಡ್ ಬಂತು. ಮದ್ದು ತೆಗೆದುಕೊಂಡವರಿಗೂ ಸೋಂಕು ಅಷ್ಟೇ ತಗುಲಿತು, ಆದರೆ ಕೋವಿಡ್‌ನಿಂದ ಸತ್ತವರು ಸುಮಾರು ಮೂರನೇ ಒಂದು ಭಾಗ ಕಡಿಮೆ. ಕ್ಲೀವ್‌ಲ್ಯಾಂಡ್‌ನ ಕಥೆಯೇ ಮತ್ತೆ. ಹಾಗೆಂದು ಮಳೆಗಾಲಕ್ಕೆ ಒಂದು ತಿಂಗಳಿರುವಾಗ ಚುಚ್ಚಿಸಿಕೊಂಡರೆ ಆಗುವ ಕೆಲಸ ಅಲ್ಲ ಇದು. ಬೆಲೆಯೂ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಕೈಗೆ ಎಟುಕುವುದು ಬೇರೆ ಒಂದಿದೆ. ಮೂವತ್ತು ದಾಟಿದವರ ಸಕ್ಕರೆ, ಬಿಪಿ ತಪಾಸಣೆಗೆ ಮೊದಲು ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರಂ ತುಂಬುತ್ತಾರೆ. ವಯಸ್ಸು, ತಂಬಾಕು, ಕುಡಿತ, ವ್ಯಾಯಾಮದ ಜೊತೆ ಅದರಲ್ಲಿ ಸೊಂಟದ ಸುತ್ತಳತೆಯ ಸಾಲೂ ಇದೆ. ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಒಂದು ಅಂಕ, ಇನ್ನೂ ಹತ್ತು ಸೆಂಟಿಮೀಟರ್ ದಾಟಿದರೆ ಎರಡು. ಅಂದರೆ ಯಾರ ಸೊಂಟ ಎಷ್ಟು ಎಂಬ ಲೆಕ್ಕ ಹಳ್ಳಿಹಳ್ಳಿಯ ಉಪಕೇಂದ್ರದಲ್ಲಿ ಬರೆದಿಟ್ಟಿದೆ. ಆ ಫಾರಂ ಸಕ್ಕರೆ ಕಾಯಿಲೆಯ ಕಡತಕ್ಕೆ ಹೋಗುತ್ತದೆ. ಜ್ವರದ ಸಮೀಕ್ಷೆಗೆ ಬೇರೆ ಕಡತ ಇದೆ. ಮೇ ತಿಂಗಳಲ್ಲಿ ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಕೂತರೆ, ಜುಲೈನಲ್ಲಿ ಜ್ವರ ಬಂದಾಗ ಯಾರ ಮನೆಗೆ ಎರಡನೇ ದಿನವೇ ಹೋಗಿ ನೋಡಬೇಕು ಎಂಬ ಪಟ್ಟಿ ಅರ್ಧ ದಿನದಲ್ಲಿ ಸಿದ್ಧವಾಗುತ್ತದೆ.